ತಿರುವಿನಲ್ಲಿ ಕಾರು ಜರ್ಕ್ ಹೊಡೆಯುತ್ತಿದೆಯೇ? ಮೊದಲು ಟ್ಯಾಂಕ್‌ನಲ್ಲಿ ಎಷ್ಟಿದೆ ನೋಡಿ

ಬಳ್ಳಾರಿಯಿಂದ ಸಿರುಗುಪ್ಪದ ಕಡೆ ವರ್ಷಗಟ್ಟಲೆ ಓಡಿಸಿದರೂ ಈ ತೊಂದರೆ ಗೊತ್ತಾಗುವುದಿಲ್ಲ. ಭತ್ತದ ಗದ್ದೆ, ಕಾಲುವೆ, ಹೆಚ್ಚೂಕಮ್ಮಿ ನೇರ ರಸ್ತೆ. ಅದೇ ಕಾರನ್ನು ಸಂಡೂರಿನ ಗುಡ್ಡಕ್ಕೆ ಹತ್ತಿಸಿ ನೋಡಿ. ಕುಮಾರಸ್ವಾಮಿ ದೇವಸ್ಥಾನದ ಕಡೆ ಹೋಗುವಾಗ ಒಂದು ಉದ್ದನೆಯ ತಿರುವು ಸಿಗುತ್ತದೆ. ಸ್ಟಿಯರಿಂಗ್ ತಿರುಗಿಸಿ ಹಿಡಿದಿದ್ದೀರಿ, ರೇಸ್ ಕೊಟ್ಟಿದ್ದೀರಿ. ನಾಲ್ಕೈದು ಸೆಕೆಂಡ್ ಗಾಡಿ ಚೆನ್ನಾಗಿ ಎಳೆಯುತ್ತದೆ. ಆಮೇಲೆ ಮಿಸ್ಸಿಂಗ್ ಶುರು. ಎರಡು ಸಲ ಜರ್ಕ್ ಹೊಡೆದು ಸೊರಗುತ್ತದೆ. ಸ್ಟಿಯರಿಂಗ್ ನೇರ ಮಾಡಿದ ಒಂದೆರಡು ಸೆಕೆಂಡಿಗೆ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಮತ್ತೆ ಓಡುತ್ತದೆ.

ನನ್ನ ಹಳೆಯ ಪೆಟ್ರೋಲ್ ಕಾರಿಗೆ ಇದು ಬಂದಾಗ ನಾನು ಪ್ಲಗ್ ಹಾಕಿಸಿದೆ, ಕಾಯಿಲ್ ಹಾಕಿಸಿದೆ, ಥ್ರಾಟಲ್ ಬಾಡಿ ತೊಳೆಸಿದೆ. ಏನೂ ಬದಲಾಗಲಿಲ್ಲ. ಕೊನೆಗೆ ಒಬ್ಬ ವಯಸ್ಸಾದ ಮೇಸ್ತ್ರಿ ಬಾನೆಟ್ ಎತ್ತದೆಯೇ ಕೇಳಿದರು: "ಯಾವ ಕಡೆ ತಿರುಗಿಸಿದಾಗ ಆಗ್ತೈತಿ ಸರ? ಎಡಕ್ಕೋ, ಬಲಕ್ಕೋ?" ನನ್ನ ಹತ್ತಿರ ಉತ್ತರ ಇರಲಿಲ್ಲ. "ಆವಾಗ ಪೆಟ್ರೋಲ್ ಎಷ್ಟಿತ್ತು?" ಅದೂ ಗೊತ್ತಿರಲಿಲ್ಲ. ಮೂರು ತಿಂಗಳು ದುಡ್ಡು ಖರ್ಚು ಮಾಡಿದ್ದೆ, ಈ ಎರಡನ್ನು ಮಾತ್ರ ಗಮನಿಸಿರಲಿಲ್ಲ.

ಹಾಗಾಗಿ ಪಾನಾ ಹಿಡಿಯುವ ಮುಂಚೆ ಒಂದು ಚೀಟಿ ಇಟ್ಟುಕೊಳ್ಳಿ. ಯಾವ ಕಡೆ ತಿರುಗಿದಾಗ ಆಯಿತು, ಮೀಟರ್‌ನಲ್ಲಿ ಮುಳ್ಳು ಎಲ್ಲಿತ್ತು, ತಿರುವಿಗೆ ಇಳಿದ ಎಷ್ಟು ಸೆಕೆಂಡಿಗೆ ಆಯಿತು. ಇಷ್ಟೇ ಬರೆಯಿರಿ. ಬರೆಯುವ ಕೆಲಸ ಪಕ್ಕದಲ್ಲಿ ಕೂತವರದ್ದು, ಓಡಿಸುವವರದ್ದಲ್ಲ.

ಟ್ಯಾಂಕ್ ಒಳಗೆ ಆಗುವುದೇನು

ಬಿಂದಿಗೆಯಲ್ಲಿ ಅರ್ಧ ನೀರು ಹಿಡಿದು ಗಿರ್ರನೆ ತಿರುಗಿ ನೋಡಿ, ನೀರು ಹೊರಬದಿಗೆ ಏರುತ್ತದೆ. ಪೆಟ್ರೋಲ್ ಕೂಡ ಅಷ್ಟೇ. ಕಾರು ಎಡಕ್ಕೆ ತಿರುಗಿದರೆ ಟ್ಯಾಂಕ್‌ನ ಬಲಗೋಡೆಗೆ, ಬಲಕ್ಕೆ ತಿರುಗಿದರೆ ಎಡಗೋಡೆಗೆ ಓಡುತ್ತದೆ. ಏರು ಹತ್ತುವಾಗ ಹಿಂದಕ್ಕೆ, ಬ್ರೇಕ್ ಒತ್ತಿದಾಗ ಮುಂದಕ್ಕೆ. ಪಂಪ್ ಪೆಟ್ರೋಲ್ ಎಳೆಯುವ ಬಾಯಿ ಮಾತ್ರ ಒಂದೇ ಜಾಗದಲ್ಲಿ ಇರುತ್ತದೆ. ಪೆಟ್ರೋಲ್ ಆಚೆ ಹೋದರೆ ಆ ಬಾಯಿ ಗಾಳಿ ಎಳೆಯುತ್ತದೆ.

ಲೆಕ್ಕ ಹಾಕಿದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. 80 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರ, 25 ಸೆಂ.ಮೀ. ಉದ್ದದ ಒಂದು ಡಬ್ಬ ಅಂದುಕೊಳ್ಳಿ, 40 ಲೀಟರ್ ಹಿಡಿಯುತ್ತದೆ. 15 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋದರೆ ಪಕ್ಕಕ್ಕೆ ತಳ್ಳುವ ಬಲ ಗುರುತ್ವದ ಅರ್ಧಕ್ಕೆ ಹತ್ತಿರ, ಸುಮಾರು 0.47 ಜಿ. ಆಗ ಪೆಟ್ರೋಲ್‌ನ ಮೇಲ್ಮೈ 25 ಡಿಗ್ರಿ ವಾಲುತ್ತದೆ. ಡಬ್ಬದಲ್ಲಿ ಕಾಲು ಭಾಗ, ಅಂದರೆ 10 ಲೀಟರ್ ಇದ್ದರೆ ಅದೆಲ್ಲ ಒಂದು ಮೂಲೆಯಲ್ಲಿ ತ್ರಿಕೋನವಾಗಿ ನಿಂತು ತಳದ ಅರ್ಧ ಬರಿದಾಗುತ್ತದೆ. ಪಂಪ್ ನಡುವಿನಲ್ಲೇ ಇದ್ದರೂ ಅದರ ಬಾಯಿ ಪೆಟ್ರೋಲ್‌ನ ಅಂಚಿನಲ್ಲಿರುತ್ತದೆ! ಅದೇ 20 ಲೀಟರ್ ಇದ್ದರೆ ಬರಿದಾಗುವುದು 19 ಸೆಂ.ಮೀ. ಮಾತ್ರ, ಪಂಪ್ ಮುಳುಗಿಯೇ ಇರುತ್ತದೆ. ಕಾಲು ಟ್ಯಾಂಕ್‌ಗೂ ಅರ್ಧ ಟ್ಯಾಂಕ್‌ಗೂ ನಡುವೆ ಇರುವ ಈ ವ್ಯತ್ಯಾಸವೇ ಅರ್ಧ ದೋಷವನ್ನು ಹಿಡಿದುಕೊಡುತ್ತದೆ.

ಹಾಗಾದರೆ ಎಲ್ಲ ಕಾರೂ ನಿಲ್ಲಬೇಕಿತ್ತಲ್ವಾ? ನಿಲ್ಲುವುದಿಲ್ಲ. ಕಂಪನಿಯವರು ಟ್ಯಾಂಕ್ ಒಳಗೆ ಅಡ್ಡ ತಡಿಕೆಗಳನ್ನು ಇಟ್ಟಿರುತ್ತಾರೆ, ಪಂಪನ್ನು ಒಂದು ಸಣ್ಣ ಬಕೆಟ್ ಒಳಗೆ ಕೂರಿಸಿರುತ್ತಾರೆ. ಹೊರಗೆ ಪೆಟ್ರೋಲ್ ಅತ್ತಿತ್ತ ಓಡಿದರೂ ಬಕೆಟ್ ಒಳಗಿನದು ಅಲ್ಲೇ ಇರುತ್ತದೆ. ಈ ಬಕೆಟ್ ಕೈಕೊಟ್ಟಾಗಲೇ ಮಾಮೂಲಿ ಕಾರಿನಲ್ಲಿ ತಿರುವಿನ ಜರ್ಕ್ ಶುರುವಾಗುವುದು. ಬಕೆಟ್‌ನ ಮಾತು ಮುಂದೆ ಮತ್ತೆ ಬರುತ್ತದೆ.

ಪರೀಕ್ಷೆಗೆ ಘಾಟ್ ರಸ್ತೆ ಬೇಡ

ತಿರುವಿನ ನಡುವೆ ಇಂಜಿನ್ ನಿಂತರೆ ಸ್ಟಿಯರಿಂಗ್ ಭಾರವಾಗಬಹುದು. ಬ್ರೇಕ್‌ಗೆ ಬೂಸ್ಟರ್‌ನಲ್ಲಿ ಉಳಿದ ನಿರ್ವಾತ ಎರಡು ಮೂರು ಸಲ ಒತ್ತುವುದಕ್ಕೆ ಮಾತ್ರ ಸಾಲುತ್ತದೆ. ಸಂಡೂರಿನ ದಾರಿಯಲ್ಲಿ ಎದುರಿಗೆ ಬರುವುದು ಅದಿರು ತುಂಬಿದ ಲಾರಿ. ತಿರುವಿನಲ್ಲಿ ಉದುರಿದ ಅದಿರಿನ ಪುಡಿ ಟೈರ್ ಕೆಳಗೆ ರಾಗಿ ಚೆಲ್ಲಿದ ಹಾಗೆ ಜಾರುತ್ತದೆ. ಅಲ್ಲಿ ಹೋಗಿ "ಮತ್ತೆ ಆಗುತ್ತಾ ನೋಡೋಣ" ಅನ್ನಬೇಡಿ.

ನಾನು ಮಾಡಿದ್ದು ಹೀಗೆ. ಊರ ಹೊರಗೆ ಇನ್ನೂ ಮನೆ ಏಳದ ಒಂದು ಲೇಔಟ್, ಪರಿಚಯದವರ ಜಾಗ. ನಡುವೆ ಗೂಟ ಹೊಡೆದು 15 ಮೀಟರ್ ಹಗ್ಗ ಕಟ್ಟಿ ಸುಣ್ಣದ ಪುಡಿಯಿಂದ ಸುತ್ತು ಬಳಿದೆವು. ಆಮೇಲೆ ಗೂಟ, ಹಗ್ಗ ಎರಡನ್ನೂ ತೆಗೆದೆವು. ಬೆಳಿಗ್ಗೆ ಜನ, ನಾಯಿ, ದನ ಇಲ್ಲದ ಹೊತ್ತು. ಸೀಟ್ ಬೆಲ್ಟ್ ಹಾಕಿಕೊಂಡು 20ರಲ್ಲಿ ಶುರುಮಾಡಿ ನಿಧಾನಕ್ಕೆ 30ಕ್ಕೆ ಏರಿಸುವುದು. ಒಂದು ಸುತ್ತಿಗೆ ಹನ್ನೊಂದು ಸೆಕೆಂಡ್ ಹಿಡಿಯುತ್ತದೆ. ಎಡಕ್ಕೆ ಎರಡು ಸುತ್ತು, ಬಲಕ್ಕೆ ಎರಡು ಸುತ್ತು. ನೆಲ ಮಣ್ಣಾಗಿದ್ದರೆ 30 ಬೇಡ, ಜಾರುತ್ತದೆ. ಹಿಂದಿನ ಸೀಟಿನಲ್ಲಿ, ಡಿಕ್ಕಿಯಲ್ಲಿ ಬಿಡಿ ಸಾಮಾನು ಇಡಬೇಡಿ. ನಮ್ಮ ಮೊದಲ ಸುತ್ತಿನಲ್ಲಿ ಸ್ಪ್ಯಾನರ್ ಪೆಟ್ಟಿಗೆ ಉರುಳಿದ ಸದ್ದಿಗೇ ಇಂಜಿನ್ ಹೋಯಿತು ಅಂದುಕೊಂಡೆ.

ಪೆಟ್ರೋಲ್ ಕಡಿಮೆ ಇದ್ದಾಗ, ಒಂದೇ ಕಡೆ ತಿರುಗಿದಾಗ ಮಾತ್ರ ಆಗುತ್ತದೆ

ತಿರುವಿನ ಹಸಿವು, ಅಂದರೆ ತಿರುವಿನಲ್ಲಿ ಪೆಟ್ರೋಲ್ ಸಿಗದೆ ಇಂಜಿನ್ ಸೊರಗುವುದು, ಅದರ ಗುರುತು ಇದೇ. ಎಡಕ್ಕೆ ತಿರುಗಿದಾಗ ಆಗುತ್ತದೆ, ಬಲಕ್ಕೆ ಏನೂ ಇಲ್ಲ ಅಂದರೆ ಪಂಪ್‌ನ ಬಾಯಿ ಟ್ಯಾಂಕ್‌ನ ಎಡಭಾಗಕ್ಕಿದೆ ಎಂದು ಊಹಿಸಬಹುದು. ಬಲಕ್ಕೆ ಆದರೆ ಉಲ್ಟಾ. ನಾವು ರಸ್ತೆಯ ಎಡಗಡೆ ಓಡಿಸುವವರು, ದೊಡ್ಡ ವೃತ್ತ ಸುತ್ತುವಾಗ ಬಲಕ್ಕೆ ತಿರುಗುತ್ತಲೇ ಇರುತ್ತೇವೆ. ಹಾಗಾಗಿ ಬಲದ ದೋಷ ಊರೊಳಗೂ ಗೊತ್ತಾಗುತ್ತದೆ. ಎಡದ್ದು ಗುಡ್ಡಕ್ಕೆ ಹೋದಾಗಲೇ ಕಾಣುವುದು.

ಮೊದಲ ಪರೀಕ್ಷೆಗೆ ದುಡ್ಡೇ ಬೇಡ. ಬಂಕ್‌ಗೆ ಹೋಗಿ ಹತ್ತು ಲೀಟರ್ ಜಾಸ್ತಿ ಹಾಕಿಸಿ, ಅದೇ ಸುತ್ತು, ಅದೇ ವೇಗದಲ್ಲಿ ಓಡಿಸಿ. ಜರ್ಕ್ ಪೂರ್ತಿ ಮಾಯವಾದರೆ ದೋಷ ಟ್ಯಾಂಕ್ ಒಳಗೇ ಇದೆ. ಪ್ಲಗ್, ಕಾಯಿಲ್, ಇಂಜೆಕ್ಟರ್ ಯಾವುದನ್ನೂ ಮುಟ್ಟಬೇಡಿ. ಹಾಕಿಸಿದ ಪೆಟ್ರೋಲ್ ಹೇಗೂ ಓಡಿಸಿ ಖರ್ಚು ಮಾಡುತ್ತೀರಿ, ನಷ್ಟವಿಲ್ಲ.

ಗಾಡಿಗೆ ಗ್ಯಾಸ್ ಕಿಟ್ ಇದ್ದರೆ ಇನ್ನೂ ಸುಲಭ. ಗ್ಯಾಸ್‌ಗೆ ಹಾಕಿ ಅದೇ ಸುತ್ತು ಹೊಡೆಯಿರಿ. ಗ್ಯಾಸ್‌ನಲ್ಲಿ ಸರಿ, ಪೆಟ್ರೋಲ್‌ನಲ್ಲಿ ಜರ್ಕ್ ಅಂದರೆ ಪೆಟ್ರೋಲ್ ಬರುವ ದಾರಿಯಲ್ಲಿ ತೊಂದರೆ. ಎರಡರಲ್ಲೂ ಜರ್ಕ್ ಅಂದರೆ ಟ್ಯಾಂಕ್ ಮರೆತುಬಿಡಿ, ಕರೆಂಟ್ ಕಡೆ ನೋಡಿ.

ಕಾರು ಹಳೆಯದು, ಬಕೆಟ್ ಎಲ್ಲ ಸರಿಯಿದೆ, ಆದರೂ ಮುಳ್ಳು ಕೆಂಪಿಗೆ ಇಳಿದಾಗ ಮಾತ್ರ ಜೋರು ತಿರುವಿನಲ್ಲಿ ಒಮ್ಮೊಮ್ಮೆ ಸೊರಗುತ್ತದೆ ಅನ್ನಿ. ಅದಕ್ಕೆ ರಿಪೇರಿಯೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಗುಡ್ಡಕ್ಕೆ ಹೋಗುವ ದಿನ ಅರ್ಧ ಟ್ಯಾಂಕ್ ಇಟ್ಟುಕೊಳ್ಳಿ. ಪಂಪ್ ತಂಪಾಗುವುದೂ ಅದರ ಸುತ್ತ, ಅದರೊಳಗೆ ಹರಿಯುವ ಪೆಟ್ರೋಲ್‌ನಿಂದಲೇ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಲ್ಲಿ ಸದಾ ರಿಸರ್ವ್‌ನಲ್ಲೇ ಓಡಿಸಿದರೆ ಪಂಪ್‌ನ ಆಯಸ್ಸೂ ಕಮ್ಮಿಯಾಗುತ್ತದೆ.

ಪಂಪ್ ಬದಲಿಸಿದ ಮೇಲೆ ಶುರುವಾಯಿತು

ನನ್ನ ಕಥೆ ಇದೇ. ಒಂದು ಬೇಸಿಗೆಯಲ್ಲಿ ಪಂಪ್ ನಿಜವಾಗಿಯೂ ಸತ್ತಿತು. ಒಂದು ಗ್ಯಾರೇಜ್‌ನಲ್ಲಿ ಹೊಸ ಪಂಪ್ ಹಾಕಿದರು. ನೇರ ರಸ್ತೆಯಲ್ಲಿ ಗಾಡಿ ಮೊದಲಿಗಿಂತ ಚೆನ್ನಾಗಿ ಓಡಿತು. ಎರಡು ತಿಂಗಳ ನಂತರ ಸಂಡೂರಿಗೆ ಹೋದಾಗ ಜರ್ಕ್. ಪಂಪ್ ಹೊಸದಲ್ಲವೇ, ಅದಕ್ಕೇನು ಆಗಿರುತ್ತದೆ ಅಂತ ಆ ಕಡೆ ಯೋಚಿಸಲೇ ಇಲ್ಲ.

ಮೇಸ್ತ್ರಿ ಹಿಂದಿನ ಸೀಟ್ ಎತ್ತಿ ಮುಚ್ಚಳ ತೆಗೆದು ಪಂಪ್ ಜೋಡಣೆಯನ್ನು ಹೊರಗೆ ತಂದರು. ಇಂಜಿನ್‌ನಿಂದ ವಾಪಸ್ ಬರುವ ಪೆಟ್ರೋಲನ್ನು ಬಕೆಟ್ ಒಳಗೆ ಬಿಡಬೇಕಾದ, ಬೆರಳುದ್ದದ ಒಂದು ಪೈಪ್ ಕಳಚಿ ಹೊರಗೆ ನೇತಾಡುತ್ತಿತ್ತು. ಪಂಪ್ ಹಾಕುವಾಗ ತೆಗೆದವರು ಮತ್ತೆ ಸಿಕ್ಕಿಸಿರಲಿಲ್ಲ. ಅಷ್ಟೇ!

ಇಷ್ಟು ಸಣ್ಣ ಪೈಪ್‌ಗೆ ಇಷ್ಟೊಂದು ರಂಪ ಯಾಕೆ ಅಂದರೆ, ಪಂಪ್ ಎಳೆಯುವುದರಲ್ಲಿ ಇಂಜಿನ್ ಸುಡುವುದು ಸ್ವಲ್ಪವೇ. ಪಂಪ್ ಗಂಟೆಗೆ 100 ಲೀಟರ್ ತಳ್ಳುತ್ತದೆ ಅನ್ನಿ, ಸೆಕೆಂಡಿಗೆ 28 ಮಿಲಿ ಆಯಿತು. ಏರು ಹತ್ತುವ ಸಣ್ಣ ಇಂಜಿನ್ ಗಂಟೆಗೆ 18 ಲೀಟರ್ ಕುಡಿದರೂ ಸೆಕೆಂಡಿಗೆ 5 ಮಿಲಿ. ಉಳಿದ 23 ಮಿಲಿ ವಾಪಸ್ ಬರುತ್ತದೆ. ಅದು ಬಕೆಟ್ ಒಳಗೇ ಬಿದ್ದರೆ ಬಕೆಟ್ ಸದಾ ತುಂಬಿರುತ್ತದೆ, ಅರ್ಧ ಲೀಟರ್ ಇದ್ದರೂ ಹೊರಗಿನಿಂದ ಒಂದು ಹನಿ ಬಾರದೆ 100 ಸೆಕೆಂಡ್ ತಳ್ಳಬಹುದು. ಅಷ್ಟು ಉದ್ದದ ತಿರುವು ಭೂಮಿ ಮೇಲೆ ಎಲ್ಲಿದೆ! ವಾಪಸ್ ಬಂದದ್ದು ಬಕೆಟ್ ಹೊರಗೆ ಬಿದ್ದರೆ ಎರಡು ಪೆಟ್ಟು. ಬಕೆಟ್ ಟ್ಯಾಂಕ್‌ನ ಮಟ್ಟಕ್ಕಷ್ಟೇ ತುಂಬುತ್ತದೆ, ಕಾಲು ಟ್ಯಾಂಕ್‌ನಲ್ಲಿ ಸುಮಾರು 170 ಮಿಲಿ. ಅದನ್ನು ಪಂಪ್ ಸೆಕೆಂಡಿಗೆ 28ರಂತೆ ಖಾಲಿ ಮಾಡುತ್ತದೆ. ಆರು ಸೆಕೆಂಡ್! ಸುತ್ತು ಹೊಡೆದಾಗ ನಮ್ಮ ಚೀಟಿಯಲ್ಲಿ ಬರೆದದ್ದು ಐದರಿಂದ ಏಳು ಸೆಕೆಂಡ್.

ಹಾಗಾಗಿ ಪಂಪ್, ಫಿಲ್ಟರ್ ಅಥವಾ ಮೀಟರ್ ಫ್ಲೋಟ್ ಬದಲಿಸಿದ ಮೇಲೆ ಈ ರೋಗ ಬಂದಿದ್ದರೆ ಬೇರೆಲ್ಲ ಬಿಟ್ಟು ಆ ಕೆಲಸವನ್ನೇ ಮತ್ತೆ ಬಿಚ್ಚಿಸಿ. ವಾಪಸ್ ಪೈಪ್ ಸಿಕ್ಕಿಸಿದೆಯೇ, ಕ್ಲಿಪ್ ಇದೆಯೇ ನೋಡಿ. ಪಂಪ್‌ನ ಬಾಯಿಗೆ ಹಾಕುವ ಜಾಲರಿ ಚೀಲ ಬಕೆಟ್‌ನ ತಳದಲ್ಲಿ ಮಲಗಿರಬೇಕು, ಮಡಚಿ ಮೇಲಕ್ಕೆ ನಿಂತಿರಬಾರದು. ಜೋಡಣೆ ಟ್ಯಾಂಕ್ ತಳಕ್ಕೆ ಸ್ಪ್ರಿಂಗ್‌ನಿಂದ ಒತ್ತಿಕೊಂಡು ಕೂರಬೇಕು. ಅಳತೆ ಸರಿಯಿಲ್ಲದ ಪಂಪ್ ಹಾಕಿ ಬಕೆಟ್ ಕೊಯ್ದದ್ದು, ಬಕೆಟ್ಟನ್ನೇ ಬಿಸಾಡಿದ್ದು ಎರಡನ್ನೂ ನೋಡಿದ್ದೇನೆ. "ಅದು ಸುಮ್ನೆ ಪ್ಲಾಸ್ಟಿಕ್ ಡಬ್ಬಿ ಸರ" ಅನ್ನುತ್ತಾರೆ.

ಹೊಸ ಕಾರುಗಳಲ್ಲಿ ಇಂಜಿನ್‌ನಿಂದ ವಾಪಸ್ ಪೈಪ್ ಬರುವುದಿಲ್ಲ, ಪ್ರೆಶರ್ ರೆಗ್ಯುಲೇಟರ್ ಟ್ಯಾಂಕ್ ಒಳಗೇ ಇರುತ್ತದೆ. ಅಲ್ಲಿ ಬಕೆಟ್ ತುಂಬಿಸುವುದು ಜೆಟ್ ಪಂಪ್. ಅದಕ್ಕೆ ಮೋಟಾರ್ ಇಲ್ಲ. ಸಣ್ಣ ತೂತಿನಿಂದ ರಭಸವಾಗಿ ಚಿಮ್ಮುವ ಪೆಟ್ರೋಲ್ ಹೊರಗಿನ ಪೆಟ್ರೋಲನ್ನೂ ಎಳೆದುಕೊಂಡು ಬಕೆಟ್‌ಗೆ ಹಾಕುತ್ತದೆ. ಆ ತೂತಿಗೆ ಒಂದು ಕಸ ಸಿಕ್ಕಿದರೆ ಸಾಕು. ನಮ್ಮ ಕೆಂಪು ಧೂಳಿನ ಊರಿನಲ್ಲಿ ಮುಚ್ಚಳದ ಸುತ್ತ ಒರೆಸದೆ ಟ್ಯಾಂಕ್ ತೆರೆದರೆ ಕಸ ಒಳಗೆ ಬೀಳುವುದು ಗ್ಯಾರಂಟಿ. ಬಕೆಟ್ ತಳದ ರಬ್ಬರ್ ವಾಲ್ವ್ ಗಟ್ಟಿಯಾಗಿ ಮುಚ್ಚದಿದ್ದರೂ ತಿರುವಿನಲ್ಲಿ ಒಳಗಿನದು ಹೊರಗೆ ಸೋರುತ್ತದೆ. ಸೂಜಿ ಹಾಕಿ ಜೆಟ್ ತೂತು ದೊಡ್ಡದು ಮಾಡಬೇಡಿ, ಗಾಳಿ ಊದಿ ಬಿಡಿಸಬೇಕು. ವಾಲ್ವ್ ಹೋಗಿದ್ದರೆ ಪೂರ್ತಿ ಜೋಡಣೆ ಬದಲಿಸುವುದೇ ಮೇಲು.

ಟ್ಯಾಂಕ್ ತೆರೆಯುವ ಮುಂಚೆ

ಈ ಕೆಲಸ ಗೊತ್ತಿದ್ದವರಿಂದಲೇ ಮಾಡಿಸಿ. ನೀವು ಪಕ್ಕದಲ್ಲಿ ನಿಂತು ನೋಡುವುದಾದರೂ ಇಷ್ಟು ಗೊತ್ತಿರಲಿ. ಪೆಟ್ರೋಲ್‌ನ ಆವಿ ಮೈನಸ್ 40 ಡಿಗ್ರಿಯ ಸುಮಾರಿನಲ್ಲೂ ಕಿಡಿಗೆ ಹೊತ್ತಿಕೊಳ್ಳುವಷ್ಟು ಏಳುತ್ತದೆ. ಬಳ್ಳಾರಿಯ ಮೇ ತಿಂಗಳಲ್ಲಿ ಹೇಗಿರಬಹುದು ಯೋಚಿಸಿ. ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಹೋಗಿ ದೂರದ ವೆಲ್ಡಿಂಗ್ ಕಿಡಿಯನ್ನೋ ಚಹಾ ಅಂಗಡಿಯ ಒಲೆಯನ್ನೋ ಮುಟ್ಟಬಹುದು. ಆದ್ದರಿಂದ ಬಯಲಿನಲ್ಲಿ, ಬೆಳಗಿನ ತಂಪಿನಲ್ಲಿ, ಟ್ಯಾಂಕ್ ಕಾಲು ಭಾಗಕ್ಕಿಂತ ಕಡಿಮೆ ಇದ್ದಾಗ ಮಾಡಬೇಕು.

ಮೊದಲು ಪೆಟ್ರೋಲ್ ಕ್ಯಾಪ್ ನಿಧಾನಕ್ಕೆ ಬಿಚ್ಚಿ, ಒತ್ತಡ ಹೋಗಲಿ. ಇಂಜಿನ್ ಚಾಲು ಮಾಡಿ ಪಂಪ್‌ನ ಫ್ಯೂಸ್ ಕಿತ್ತರೆ ಪೈಪ್‌ನಲ್ಲಿರುವುದು ಮುಗಿದು ಇಂಜಿನ್ ತಾನೇ ನಿಲ್ಲುತ್ತದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಪಂಪ್‌ನ ದೊಡ್ಡ ರಿಂಗ್ ಬಿಗಿಯಾಗಿದ್ದರೆ ಉಕ್ಕಿನ ಉಳಿ, ಸುತ್ತಿಗೆ ಬೇಡ. ಮರದ ತುಂಡು ಅಥವಾ ಹಿತ್ತಾಳೆ ಬಳಸಬೇಕು. ನೈಲಾನ್ ಬಟ್ಟೆ ಹಾಕಿಕೊಂಡು ಸೀಟಿನ ಮೇಲೆ ಉಜ್ಜಾಡಬೇಡಿ. ಒಣ ಪುಡಿಯ ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ, ನೀರು ಸುರಿದರೆ ಉರಿಯುವ ಪೆಟ್ರೋಲ್ ಹರಡುತ್ತದೆ. ಬೀಡಿ, ಮೊಬೈಲ್ ದೂರ. ಬಾಯಿಂದ ಪೈಪ್ ಎಳೆದು ಪೆಟ್ರೋಲ್ ತೆಗೆಯುವ ಹಳೆಯ ಚಾಳಿ ಬೇಡವೇ ಬೇಡ, ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೂ ಆಸ್ಪತ್ರೆಯೇ ಗತಿ.

ಕೆಲಸ ಮುಗಿದ ಮೇಲೆ ಹಳೆಯ ರಬ್ಬರ್ ಸೀಲ್ ಮತ್ತೆ ಹಾಕಬೇಡಿ. ಸೀಟ್ ಕೂರಿಸುವ ಮುಂಚೆ ಕೀ ಆನ್ ಮಾಡಿ ಸೋರಿಕೆ ನೋಡಿ. ಕಾರಿನೊಳಗೆ ಪೆಟ್ರೋಲ್ ವಾಸನೆ ಸ್ವಲ್ಪ ಉಳಿದರೂ ಓಡಿಸಬಾರದು.

ಟ್ಯಾಂಕ್ ತುಂಬಿದ್ದರೂ ತಿರುವಿನಲ್ಲಿ ಕಟ್ ಆಗುತ್ತದೆ

ಹಾಗಿದ್ದರೆ ಇದು ಪೆಟ್ರೋಲ್‌ನ ಹಸಿವು ಆಗಿರುವುದು ಅಪರೂಪ. ಆರ್‌ಪಿಎಂ ಮುಳ್ಳು ನೋಡಿ. ಗಾಡಿ ಗೇರ್‌ನಲ್ಲಿ ಓಡುತ್ತಿರುವಾಗಲೇ ಮುಳ್ಳು ಫಟ್ ಅಂತ ಸೊನ್ನೆಗೆ ಬಿದ್ದರೆ ಕರೆಂಟ್ ಕಡಿದಿದೆ. ಪೆಟ್ರೋಲ್ ಕಡಿಮೆಯಾದರೆ ಮುಳ್ಳು ಹಾಗೆ ಬೀಳುವುದಿಲ್ಲ, ಇಂಜಿನ್ ಎರಡು ಮೂರು ಸಲ ತಡವರಿಸಿ ಸೊರಗುತ್ತದೆ.

ಕರೆಂಟ್ ಅಂದರೆ ಮೊದಲು ಕೀ ಗೊಂಚಲು ನೋಡಿ, ನಗಬೇಡಿ. ಮನೆ ಬೀಗ, ಅಂಗಡಿ ಬೀಗ, ಗೋಡೌನ್ ಬೀಗ, ದೇವರ ಡಾಲರ್ ಎಲ್ಲ ಸೇರಿ ಕಾಲು ಕಿಲೋ. ತಿರುವಿನಲ್ಲಿ ಅದು ಜೋಲಿ ಹೊಡೆದು ಸವೆದ ಸ್ವಿಚ್ಚನ್ನು ಅಲ್ಲಾಡಿಸುತ್ತದೆ. ಒಂದೇ ಕೀ ಹಾಕಿ ಓಡಿಸಿ ನೋಡಿ. ಆಮೇಲೆ ಬ್ಯಾಟರಿ ಟರ್ಮಿನಲ್, ಇಂಜಿನ್‌ಗೆ ಬರುವ ಅರ್ತ್ ಪಟ್ಟಿ, ಇಂಜಿನ್ ಮೌಂಟಿಂಗ್. ಮೌಂಟಿಂಗ್ ಹರಿದರೆ ತಿರುವಿನಲ್ಲಿ ಇಂಜಿನ್ ವಾಲಿ ಎಲ್ಲೋ ಒಂದು ವೈರ್ ಜಗ್ಗುತ್ತದೆ. ಇಂಜಿನ್ ಐಡಲ್‌ನಲ್ಲಿ ಇರುವಾಗ ತಿರುಗುವ ಬೆಲ್ಟ್‌ಗೆ ಕೈ ತಾಗದಂತೆ ವೈರ್ ಗೊಂಚಲನ್ನು ಮೆಲ್ಲಗೆ ಅಲ್ಲಾಡಿಸಿದರೆ ಕೆಲವೊಮ್ಮೆ ಸಿಕ್ಕಿಬೀಳುತ್ತದೆ. ಪ್ಲಗ್ ವೈರ್, ಕಾಯಿಲ್ ಮಾತ್ರ ಮುಟ್ಟಬೇಡಿ.

ಹೊಸ ಕಾರಿನಲ್ಲಿ ಜಾರುತ್ತಿರುವ ಕಾರಿನ ಚಿತ್ರದ ಹಳದಿ ದೀಪ ಮಿಣುಕಿದರೆ ಅದು ರೋಗವಲ್ಲ. ಚಕ್ರ ಜಾರುವುದನ್ನು ಕಂಡು ಇಎಸ್‌ಪಿಯೇ (ಕಾರು ಹಿಡಿತ ತಪ್ಪದಂತೆ ನೋಡಿಕೊಳ್ಳುವ ವ್ಯವಸ್ಥೆ) ಶಕ್ತಿ ಕಡಿಮೆ ಮಾಡುತ್ತಿದೆ. ಅದಿರಿನ ಪುಡಿಯ ಮೇಲೆ ಇದು ಸಹಜ. ಸವೆದ ಟೈರ್ ಬದಲಿಸಿ, ವೇಗ ಇಳಿಸಿ. ಇಎಸ್‌ಪಿ ಆಫ್ ಮಾಡುವ ಬಟನ್ ಒತ್ತುವುದು ಪರಿಹಾರವಲ್ಲ.

ಇನ್ನೊಂದು ಸಾಧ್ಯತೆ ನೀರು. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಶೇಕಡಾ 20ರವರೆಗೆ ಇರುತ್ತದೆ. ಅದು ನೀರನ್ನು ಹೀರಿಕೊಳ್ಳುತ್ತದೆ, ಮಿತಿ ಮೀರಿದರೆ ಎಥನಾಲ್ ನೀರಿನ ಜೊತೆ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ತಿರುವಿನಲ್ಲಿ ಕದಡಿ ಪಂಪ್‌ಗೆ ಸಿಗುತ್ತದೆ. ಆಗ ಎಡ, ಬಲ ಎರಡೂ ಕಡೆ ಜರ್ಕ್ ಬರುತ್ತದೆ, ಮಳೆಗಾಲದಲ್ಲಿ ಜಾಸ್ತಿ. ತಳದ ಪೆಟ್ರೋಲನ್ನು ಗಾಜಿನ ಬಾಟಲಿಯಲ್ಲಿ ಅರ್ಧ ಗಂಟೆ ಬಿಟ್ಟರೆ ಎರಡು ಪದರ ಕಾಣುತ್ತದೆ. ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿಸುವುದೊಂದೇ ದಾರಿ.

ತಿರುವಿನಲ್ಲಿ ಕೆಂಪು ಆಯಿಲ್ ದೀಪ ಮಿಣುಕುತ್ತದೆ

ಗಾಡಿ ನಿಲ್ಲಿಸಿ. ಪಕ್ಕಕ್ಕೆ ತೆಗೆದು ಇಂಜಿನ್ ಆಫ್ ಮಾಡಿ. ಇಲ್ಲಿ ಓಡಿಹೋಗುತ್ತಿರುವುದು ಪೆಟ್ರೋಲ್ ಅಲ್ಲ, ಇಂಜಿನ್ ಆಯಿಲ್. ಕಾರಣ ಒಂದೇ, ನಷ್ಟ ಬೇರೆ. ಬೇರಿಂಗ್ ಸವೆಯಲು ಕೆಲವು ಸೆಕೆಂಡ್ ಸಾಕು. ಸಮತಟ್ಟಾದ ಜಾಗದಲ್ಲಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ, ಕಡಿಮೆ ಇದ್ದರೆ ತುಂಬಿಸಿ. ಮಟ್ಟ ಸರಿಯಿದ್ದೂ ದೀಪ ಮಿಣುಕಿದರೆ ಓಡಿಸಿಕೊಂಡು ಹೋಗಬೇಡಿ, ಎಳೆಸಿಕೊಂಡು ಹೋಗಿ.

ತಿರುವಿರಲಿ, ಏರಿರಲಿ, ಓವರ್‌ಟೇಕ್ ಇರಲಿ, ಪಿಕಪ್ ಇಲ್ಲ

ಪೆಟ್ರೋಲ್ ಒಟ್ಟಾರೆ ಕಡಿಮೆ ಬರುತ್ತಿದೆ ಅಂದರ್ಥ. ತಿರುವು ಅದನ್ನು ಬಯಲು ಮಾಡಿದೆ ಅಷ್ಟೇ. ಕೀ ಆನ್ ಮಾಡಿದಾಗ ಹಿಂದಿನಿಂದ ಎರಡು ಸೆಕೆಂಡ್ ಗುಂಯ್ ಅನ್ನುವ ಸದ್ದು ಬರಬೇಕು. ಆ ಸದ್ದು ಕಿರುಚಿದಂತಿದ್ದರೆ ಜಾಲರಿ ಕಟ್ಟಿರಬಹುದು, ಪಂಪ್ ಸವೆದಿರಬಹುದು. ಕ್ಯಾಪ್ ತೆಗೆದಾಗ ಗಾಳಿ ಬುಸ್ ಅಂತ ಒಳಕ್ಕೆ ಎಳೆದುಕೊಂಡರೆ ಗಾಳಿಯಾಡುವ ದಾರಿ ಮುಚ್ಚಿದೆ. ಇಂಜಿನ್‌ನ ಏರ್ ಫಿಲ್ಟರ್ ಕೂಡ ನೋಡಿ, ತೋರಣಗಲ್ಲು ಕಡೆ ದಿನಾ ಓಡಾಡುವವರದ್ದು ಕೆಮ್ಮಣ್ಣಿನ ಇಟ್ಟಿಗೆಯಂತೆ ಆಗಿರುತ್ತದೆ.

ಇವೆಲ್ಲ ಸರಿಯಿದ್ದರೆ ಪ್ರೆಶರ್ ಗೇಜ್ ಹಾಕಿಸುವ ಹೊತ್ತು. ಸಾಮಾನ್ಯ ಎಂಪಿಎಫ್‌ಐ (ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ) ಇಂಜಿನ್‌ನಲ್ಲಿ 3ರಿಂದ 4 ಬಾರ್ ಆಸುಪಾಸು ಇರುತ್ತದೆ, ನಿಮ್ಮ ಕಾರಿನ ನಿಖರ ಅಂಕಿ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಸದಾ ಕಡಿಮೆ ಇದ್ದರೆ ಫಿಲ್ಟರ್, ಪಂಪ್, ರೆಗ್ಯುಲೇಟರ್. ನೇರಕ್ಕೆ ಸರಿಯಿದ್ದು ತಿರುವಿನಲ್ಲಿ ಮಾತ್ರ ಬಿದ್ದರೆ ಮತ್ತೆ ಬಕೆಟ್. ಓಡಿಸುತ್ತ ನೋಡಲು ಗೇಜ್‌ನ ಪೈಪನ್ನು ಕಾರಿನೊಳಗೆ ಎಳೆಯಬೇಡಿ, ಒಳಗೆ ಒತ್ತಡದ ಪೆಟ್ರೋಲ್ ಇರುತ್ತದೆ. ವೈರ್‌ನಿಂದ ಓದುವ ಸೆನ್ಸರ್ ಸಿಗುತ್ತದೆ. ಹೊಸ ಪಂಪ್ ಕೊಳ್ಳುವ ಮುಂಚೆ ಪಂಪ್‌ನ ಕನೆಕ್ಟರ್‌ನಲ್ಲಿ ಎಷ್ಟು ವೋಲ್ಟ್ ಬರುತ್ತಿದೆ ಅಳೆಸಿ. ಬ್ಯಾಟರಿಗಿಂತ ಒಂದು ವೋಲ್ಟ್‌ಗೂ ಜಾಸ್ತಿ ಕಡಿಮೆ ಇದ್ದರೆ ತಪ್ಪು ಪಂಪ್‌ನದ್ದಲ್ಲ, ವೈರ್ ಅಥವಾ ರಿಲೇಯದ್ದು. ಸ್ಕ್ಯಾನರ್‌ನಲ್ಲಿ ಪಿ 0171 ಅನ್ನುವ ದೋಷದ ಕೋಡ್ ಬಂದರೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಅಂತ. ಪಿ 0087 ಅಂದರೆ ಒತ್ತಡವೇ ಕಡಿಮೆ.

ಟರ್ಬೊ ಪೆಟ್ರೋಲ್ ಇಂಜಿನ್ ಇದ್ದವರು ಈ ಜರ್ಕ್ ಸಹಿಸಿಕೊಂಡು ಓಡಿಸಬೇಡಿ. ಜೋರು ರೇಸ್‌ನಲ್ಲಿ ಪೆಟ್ರೋಲ್ ಕಡಿಮೆಯಾದರೆ ಒಳಗೆ ಬಿಸಿ ಏರಿ, ನಾಕಿಂಗ್ (ಪೆಟ್ರೋಲ್ ಅಡ್ಡಾದಿಡ್ಡಿ ಸಿಡಿಯುವುದು) ಬಂದು ಪಿಸ್ಟನ್ನೇ ಕರಗಬಹುದು.

ಮೀಟರ್‌ನಲ್ಲಿ ಕಾಲು ಭಾಗ ಇದೆ, ಗಾಡಿ ನಿಲ್ಲುತ್ತದೆ

ಹಿಂದಿನ ಚಕ್ರಕ್ಕೆ ಶಾಫ್ಟ್ ಹೋಗುವ ಕೆಲವು ಗಾಡಿಗಳಲ್ಲಿ ಟ್ಯಾಂಕ್ ಕುದುರೆಯ ಜೀನಿನಂತೆ ಎರಡು ಹೊಟ್ಟೆಯದು. ಪಂಪ್ ಒಂದು ಹೊಟ್ಟೆಯಲ್ಲಿ. ಇನ್ನೊಂದರಿಂದ ಪೆಟ್ರೋಲ್ ದಾಟಿಸುವುದು ಜೆಟ್ ಪಂಪ್. ಅದು ಕಟ್ಟಿದರೆ ಆಚೆ ಹೊಟ್ಟೆಯಲ್ಲಿ ಪೆಟ್ರೋಲ್ ಇದ್ದೂ ಇಲ್ಲದ ಹಾಗೆ. ಉದ್ದನೆಯ ತಿರುವು ಮುಗಿದ ಮೇಲೆ ಮೀಟರ್ ಮುಳ್ಳು ತಟ್ಟನೆ ಏರುವುದೋ ಇಳಿಯುವುದೋ ಆದರೆ ಇದರ ಮೇಲೆ ಅನುಮಾನ ಪಡಿ.

ಕಾರ್ಬ್ಯುರೇಟರ್, ಡೀಸೆಲ್

ಹಳೆಯ ಅಂಬಾಸಿಡರ್, ಪದ್ಮಿನಿ, ಓಮ್ನಿ ಇಟ್ಟುಕೊಂಡವರಿಗೆ ತಿರುವಿನ ಜರ್ಕ್ ಸಾಮಾನ್ಯವಾಗಿ ಟ್ಯಾಂಕ್‌ನಿಂದ ಬರುವುದಿಲ್ಲ, ಕಾರ್ಬ್ಯುರೇಟರ್‌ನ ಫ್ಲೋಟ್ ಬಟ್ಟಲಿನಿಂದ. ಫ್ಲೋಟ್ ಮಟ್ಟ ಕೆಳಗಿದ್ದರೆ ಜೆಟ್ ಬರಿದಾಗಿ ಸೊರಗುತ್ತದೆ. ಮೇಲಿದ್ದರೆ ಉಕ್ಕಿ ಕಪ್ಪು ಹೊಗೆ, ಪೆಟ್ರೋಲ್ ವಾಸನೆ. ಮಟ್ಟ ಸರಿಮಾಡಿಸಿದರೆ ಮುಗಿಯಿತು.

ಡೀಸೆಲ್ ಗಾಡಿ ಗಾಳಿ ಎಳೆದರೆ ಬೇಗ ಸುಧಾರಿಸಿಕೊಳ್ಳುವುದಿಲ್ಲ, ನಿಂತೇ ಹೋಗಬಹುದು. ಹೈ ಪ್ರೆಶರ್ ಪಂಪ್‌ಗೆ ಡೀಸೆಲ್ಲೇ ಎಣ್ಣೆ ಸವರುವುದು, ಒಣಗಿ ತಿರುಗಿದರೆ ಸವೆಯುತ್ತದೆ. ಸೆಲ್ಫ್ ಹೊಡೆಯುತ್ತಲೇ ಇರಬೇಡಿ. ಡೀಸೆಲ್ ಹಾಕಿ, ಕೈ ಪಂಪ್ ಇದ್ದರೆ ಗಟ್ಟಿಯಾಗುವವರೆಗೆ ಒತ್ತಿ, ಆಮೇಲೆ ಹತ್ತು ಸೆಕೆಂಡ್ ಮೀರದಂತೆ ಒಂದು ಸೆಲ್ಫ್. ಎರಡು ಮೂರು ಸಲಕ್ಕೆ ಚಾಲು ಆಗದಿದ್ದರೆ ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಎಲ್ಲ ಸರಿಯಿದೆ, ರೇಸ್ ಟ್ರ್ಯಾಕ್‌ನಲ್ಲಿ ಮಾತ್ರ ಆಗುತ್ತದೆ

ಚೆನ್ನೈ, ಕೊಯಮತ್ತೂರಿನ ಟ್ರ್ಯಾಕ್‌ಗೆ ಕಾರು ಒಯ್ಯುವ ಹುಡುಗರು ನಮ್ಮಲ್ಲೂ ಇದ್ದಾರೆ. ಅಂಟುವ ಟೈರ್ ಹಾಕಿದ ಕಾರು 1 ಜಿ ಮುಟ್ಟಿದರೆ ಪೆಟ್ರೋಲ್ 45 ಡಿಗ್ರಿ ವಾಲುತ್ತದೆ. ಕಂಪನಿಯ ಬಕೆಟ್ ಅದಕ್ಕೆಂದು ಮಾಡಿದ್ದಲ್ಲ. ಮುಕ್ಕಾಲು ಟ್ಯಾಂಕ್ ಇಟ್ಟುಕೊಂಡು ಓಡಿಸಿ, ಅದರಲ್ಲೂ ಆದರೆ ಸರ್ಜ್ ಟ್ಯಾಂಕ್. ಒಂದೆರಡು ಲೀಟರ್‌ನ, ನಿಂತ ಕೊಳವೆಯಂಥ ಸಣ್ಣ ಟ್ಯಾಂಕ್ ಅದು. ದೊಡ್ಡ ಟ್ಯಾಂಕ್‌ನಿಂದ ಒಂದು ಪಂಪ್ ಇದನ್ನು ತುಂಬಿಸುತ್ತದೆ. ಇದರ ತಳದಿಂದ ಇನ್ನೊಂದು ಪಂಪ್ ಇಂಜಿನ್‌ಗೆ ಕೊಡುತ್ತದೆ. ಇಂಜಿನ್‌ನ ವಾಪಸ್ ಪೈಪ್ ಇದಕ್ಕೇ ಬರಬೇಕು, ತುಂಬಿ ಹೆಚ್ಚಾದದ್ದು ಮೇಲಿನಿಂದ ದೊಡ್ಡ ಟ್ಯಾಂಕ್‌ಗೆ ಹೋಗಬೇಕು. ಈ ಪೈಪ್‌ಗಳನ್ನು ಅದಲುಬದಲು ಮಾಡಿದರೆ ದುಡ್ಡು ಹಾಕಿ ನನ್ನ ನೇತಾಡುವ ಪೈಪ್‌ನ ರೋಗವನ್ನೇ ತಂದುಕೊಂಡಂತೆ.

ಸರ್ಜ್ ಟ್ಯಾಂಕ್ ಕಾರಿನೊಳಗೆ, ಡಿಕ್ಕಿಯಲ್ಲಿ ಬರಿದೇ ಕೂರಿಸುವುದು ಅಪಾಯ. ನಡುವೆ ತಗಡಿನ ಗೋಡೆ ಇರಬೇಕು. ಟ್ಯಾಂಕ್ ಒಳಗೆ ಸ್ಪಾಂಜ್ ತುಂಬುವ ಐಡಿಯಾ ಬರುತ್ತದೆ, ಸೋಫಾ ಅಂಗಡಿಯ ಸ್ಪಾಂಜ್ ಪೆಟ್ರೋಲ್‌ನಲ್ಲಿ ಕರಗಿ ಪಂಪ್ ಕಟ್ಟುತ್ತದೆ. ಅದಕ್ಕೆಂದೇ ಮಾಡಿದ ಫೋಮ್ ಕೂಡ ಎಥನಾಲ್ ತಡೆಯುವಂಥದ್ದೇ ಆಗಿರಬೇಕು, ಕಾಲಕಾಲಕ್ಕೆ ಬದಲಿಸಬೇಕು. ಒಳಗೆ ತಡಿಕೆ ಕೂರಿಸಲು ಹಳೆಯ ಟ್ಯಾಂಕ್‌ಗೆ ವೆಲ್ಡಿಂಗ್ ಮಾಡಿಕೊಡುತ್ತೇನೆ ಅನ್ನುವವರು ಸಿಕ್ಕರೆ ಕಾರು ತಿರುಗಿಸಿಕೊಂಡು ಮನೆಗೆ ಬನ್ನಿ. ಖಾಲಿ ಟ್ಯಾಂಕ್ ಅನ್ನುತ್ತಾರೆ, ಸಿಡಿಯುವುದು ಆ ಖಾಲಿ ಜಾಗದ ಆವಿಯೇ.

ನನ್ನ ಕಾರಿನ ಪೈಪ್‌ಗೆ ಹೊಸ ಕ್ಲಿಪ್ ಹಾಕಿದ ಮಾರನೆಯ ದಿನ, ಮುಳ್ಳು ಕಾಲು ಭಾಗದಲ್ಲೇ ಇರುವಾಗ, ಅದೇ ಸುಣ್ಣದ ಸುತ್ತಿನಲ್ಲಿ ಎಡಕ್ಕೆ ನಾಲ್ಕು ಸುತ್ತು ಹೊಡೆದೆವು. ಇಂಜಿನ್ ಒಂದು ಸಲವೂ ತಡವರಿಸಲಿಲ್ಲ. ಮೇಸ್ತ್ರಿ ಕ್ಲಿಪ್‌ನ ದುಡ್ಡು ಮಾತ್ರ ತೆಗೆದುಕೊಂಡು ಚೀಟಿ ತಾವೇ ಇಟ್ಟುಕೊಂಡರು, ಮುಂದಿನ ಗಿರಾಕಿಗೆ ತೋರಿಸಲಿಕ್ಕೆ.